ಗೋಪಿನಾಥಂನಲ್ಲಿ ಟ್ರೈನಿಂಗ್

ಕೊಳ್ಳೇಗಾಲ, ಹನೂರು ದಾಟಿ, ಮಲೆ ಮಹದೇಶ್ವರ ಬೆಟ್ಟ ಹತ್ತಿ ಆ ಕಡೆ ಇಳಿದರೆ ಪಾಲಾರ್. ಅಲ್ಲಿಂದ ಕಾಡಿನೊಳಗಿನ ದಾರಿ ಹಿಡಿದರೆ ಗೋಪಿನಾಥಂ. 1956ರ ತನಕ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರಿಗೆ ಬಂತು. ಊರಿನ ಮನೆಮಾತು ಇವತ್ತಿಗೂ ಹೆಚ್ಚಾಗಿ ತಮಿಳೇ. ಊರಿನ ಹೆಸರು ಕೇಳಿದ ಕೂಡಲೇ ಯಾರಿಗಾದರೂ ನೆನಪಾಗೋದು ಒಬ್ಬನೇ ಮನುಷ್ಯ, ಮೀಸೆಯವನು. ನನಗೆ ಆ ಊರಿನ ಬಗ್ಗೆ ಕುತೂಹಲ ಇರುವುದು ಬೇರೆ ಕಾರಣಕ್ಕೆ. ನಮ್ಮ ಆಫೀಸುಗಳಲ್ಲಿ ‘ಲರ್ನಿಂಗ್ ಅಂಡ್ ಡೆವಲಪ್‌ಮೆಂಟ್’ ಅನ್ನುವ ವಿಭಾಗ ಇದೆಯಲ್ಲ, ಅದು ಮಾಡುವ ಕೆಲಸಗಳೆಲ್ಲ ಒಂದಲ್ಲ ಒಂದು ರೂಪದಲ್ಲಿ ಈ ಊರಿನ ಸುತ್ತ ನಡೆದುಹೋಗಿವೆ. ಸ್ಲೈಡ್ ಇರಲಿಲ್ಲ, ಫೀಡ್‌ಬ್ಯಾಕ್ ಫಾರ್ಮ್ ಇರಲಿಲ್ಲ, ಅಷ್ಟೇ. ಪಾಠ ತಪ್ಪಿದರೆ ಪ್ರಾಣ ಹೋಗುತ್ತಿತ್ತು.

ಎಲ್ಲಕ್ಕಿಂತ ಹಳೆಯ ವಿಧಾನದಿಂದ ಶುರು ಮಾಡೋಣ. ಹಳಬನ ಪಕ್ಕ ಹೊಸಬನನ್ನು ಕೂರಿಸೋದು. ಬಡಗಿ, ಅಕ್ಕಸಾಲಿಗ, ಅಡುಗೆ ಭಟ್ಟರು ಎಲ್ಲರೂ ಕಲಿತದ್ದು ಹೀಗೇ. ಬೇಡವೆಂದರೂ ಹೇಳಲೇಬೇಕಾದ ಮಾತು: 1952ರಲ್ಲಿ ಹುಟ್ಟಿದ ವೀರಪ್ಪನ್ ಕಲಿತದ್ದೂ ಹೀಗೇ. ಸೇವಿ ಗೌಂಡರ್ ಅನ್ನುವ ಹಳೆಯ ಬೇಟೆಗಾರನ ಕೈಕೆಳಗೆ ಹುಡುಗನಾಗಿ ಸೇರಿ, ಬಂದೂಕು ಹಿಡಿಯೋದು, ಆನೆ ದಾರಿ ಗುರುತಿಸೋದು, ದಂತ ಸಾಗಿಸೋದು ಒಂದೊಂದಾಗಿ ಕಲಿತ. ಆಮೇಲೆ ತಾನೇ ಹತ್ತಾರು ಜನಕ್ಕೆ ಕಲಿಸಿದ. ಅಪ್ರೆಂಟಿಸ್‌ಶಿಪ್ ಎಷ್ಟು ಗಟ್ಟಿ ವಿಧಾನ ಅನ್ನೋದಕ್ಕೆ ಇದಕ್ಕಿಂತ ಕೆಟ್ಟ ಸಾಕ್ಷಿ ಬೇಕಿಲ್ಲ. ವಿಧಾನಕ್ಕೆ ತನ್ನದೇ ಆದ ನೀತಿ ಇರೋದಿಲ್ಲ. ಕಲಿಸುವವನು ಏನು ಮಾಡುತ್ತಾನೋ ಅದನ್ನೇ ಅದು ಮುಂದಿನ ತಲೆಮಾರಿಗೆ ದಾಟಿಸುತ್ತೆ.

ಎದುರು ಪಾಳೆಯದಲ್ಲಿದ್ದ ಅರಣ್ಯ ಇಲಾಖೆಯದು ಬೇರೆ ದಾರಿ. ಅದು ಶಾಲೆ ಕಟ್ಟಿತು. 1864ರಲ್ಲಿ ಡೀಟ್ರಿಕ್ ಬ್ರಾಂಡಿಸ್ ಅನ್ನುವ ಜರ್ಮನ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ. 1878ರಲ್ಲಿ ಡೆಹ್ರಾಡೂನಿನಲ್ಲಿ ಅರಣ್ಯ ಶಾಲೆ ಬಂತು. ಇಂದಿಗೂ ಐಎಫ್‌ಎಸ್ ಅಧಿಕಾರಿ ಆಗುವವರು ಡೆಹ್ರಾಡೂನಿಗೆ ಹೋಗಲೇಬೇಕು. ನಮ್ಮ ಕಡೆಯ ಕೆಳಹಂತದ ಸಿಬ್ಬಂದಿಗೆ ಧಾರವಾಡದ ಹತ್ತಿರ ಗುಂಗರಗಟ್ಟಿಯಲ್ಲಿ, ಕುಶಾಲನಗರದಲ್ಲಿ ತರಬೇತಿ ಕೇಂದ್ರಗಳಿವೆ. ಈ ಮಾದರಿಯ ಗುಣ ನಿಮಗೆ ಗೊತ್ತಿರುವುದೇ: ಎಲ್ಲರಿಗೂ ಒಂದೇ ಪಾಠ, ಒಂದೇ ಭಾಷೆ, ಒಂದೇ ಸರ್ಟಿಫಿಕೇಟ್. ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ ತಿಂಗಳುಗಟ್ಟಲೆ ಇದ್ದು ಬಂದವರಿಗೆ ಇದನ್ನು ವಿವರಿಸೋ ಅಗತ್ಯವೇ ಇಲ್ಲ. ಒಂದೇ ಆವರಣದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೊಸಬರನ್ನು ಇಟ್ಟು ಕಲಿಸುವ ಜಾಗ ಅದು. ಡೆಹ್ರಾಡೂನಿನವರು ಆರಂಭದಿಂದಲೂ ಒಂದು ಜಾಣತನ ಮಾಡಿದರು. ವರ್ಷದಲ್ಲಿ ಒಂದಷ್ಟು ಭಾಗವನ್ನು ‘ಟೂರ್’ ಅಂತ ಕಾಡಿನಲ್ಲೇ ಕಳೆಯಿಸಿದರು. ಆದರೂ ಶಾಲೆ ಶಾಲೆಯೇ. ಮರದ ಸುತ್ತಳತೆ ಅಳೆಯೋದು, ನೆಡುತೋಪು ಮಾಡೋದು, ಅರಣ್ಯ ಕಾಯ್ದೆಯ ಕಲಂ ಹಾಕೋದು ಅಲ್ಲಿ ಬರುತ್ತೆ. ಅಳೆಯಬೇಕಾದ ಮರದ ಪಕ್ಕದ ಊರಿನವರು ನಿಮ್ಮನ್ನು ನಂಬದೇ ಹೋದರೆ ಏನು ಮಾಡಬೇಕು ಅನ್ನೋದು?

1979ರಲ್ಲಿ ಐಎಫ್‌ಎಸ್ ಸೇರಿದ ಪಿ. ಶ್ರೀನಿವಾಸ್ ಮುಂದೆ ಬಂದು ನಿಂತದ್ದು ಈ ಪ್ರಶ್ನೆ. 1954ರಲ್ಲಿ ರಾಜಮಹೇಂದ್ರಿಯಲ್ಲಿ ಹುಟ್ಟಿದ ತೆಲುಗಿನವರು, ಕೆಲಸ ಕರ್ನಾಟಕದಲ್ಲಿ, ಊರು ತಮಿಳಿನದು. 1986ರಲ್ಲಿ ವೀರಪ್ಪನ್ ಒಮ್ಮೆ ಸಿಕ್ಕಿಬಿದ್ದಿದ್ದ, ಬೂದಿಪಡಗದ ಅರಣ್ಯ ಅತಿಥಿಗೃಹದಿಂದ ತಪ್ಪಿಸಿಕೊಂಡು ಹೋದ. ಮತ್ತೆ ಹಿಡಿಯಬೇಕೆಂದರೆ ಬಂದೂಕು ಸಾಲದು, ಗೋಪಿನಾಥಂ ಅವನ ಕಡೆಯಿಂದ ಈ ಕಡೆಗೆ ಬರಬೇಕು ಅಂತ ಶ್ರೀನಿವಾಸ್ ಲೆಕ್ಕ ಹಾಕಿದರು. ಊರಿನಲ್ಲೇ ಹೆಚ್ಚು ಕಾಲ ಇರತೊಡಗಿದರು. ಮಾರಿಯಮ್ಮನ ಗುಡಿ ಕಟ್ಟಿಸಿದರು. ಕುಡಿಯುವ ನೀರು, ಔಷಧಿ, ಮನೆ ಕಟ್ಟಿಕೊಳ್ಳಲು ನೆರವು ತಂದರು. ಗುಂಪಿನಲ್ಲಿದ್ದ ಕೆಲವರು ಅವರ ಮಾತು ಕೇಳಿ ಶರಣಾದರು.

ಇದನ್ನು ಸಮಾಜಸೇವೆ ಅಂತ ಓದೋದು ವಾಡಿಕೆ. ಸ್ಮಾರಕದ ಭಾಷಣಗಳಲ್ಲಿ ಹಾಗೇ ಹೇಳುತ್ತಾರೆ. ನನಗೆ ಅದರಲ್ಲಿ ಒಂದು ಕಲಿಸುವ ವಿಧಾನ ಕಾಣುತ್ತೆ. ಮ್ಯಾನೇಜ್‌ಮೆಂಟ್ ಪುಸ್ತಕಗಳು ಅದಕ್ಕೆ ಹೆಸರಿಟ್ಟಿದ್ದು ಕೋಚಿಂಗ್ ಅಂತ. ‘ಕೋಚ್’ ಅನ್ನುವ ಪದದ ಹುಟ್ಟು ಹಂಗೇರಿಯ ಕೋಚ್ ಅನ್ನುವ ಹಳ್ಳಿಯಲ್ಲಿ. ಅಲ್ಲಿ ಒಳ್ಳೆಯ ಕುದುರೆ ಗಾಡಿ ಮಾಡುತ್ತಿದ್ದರು, ಊರಿನ ಹೆಸರೇ ಗಾಡಿಯ ಹೆಸರಾಯಿತು. ನಾವು ರೈಲಿನ ಡಬ್ಬಿಗೆ ಈಗಲೂ ಕೋಚ್ ಅನ್ನೋದು ಅದಕ್ಕೇ. 1830ರ ಸುಮಾರಿಗೆ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು, ಪರೀಕ್ಷೆ ದಾಟಿಸುವ ಮೇಷ್ಟ್ರನ್ನು ತಮಾಷೆಗೆ ಕೋಚ್ ಅಂತ ಕರೆಯತೊಡಗಿದರು. ಗಾಡಿ ಒಬ್ಬನನ್ನು ಅವನಿಗೆ ಬೇಕಾದ ಊರಿಗೆ ಮುಟ್ಟಿಸುತ್ತೆ. ಊರು ಯಾವುದು ಅಂತ ಗಾಡಿ ತೀರ್ಮಾನ ಮಾಡೋದಿಲ್ಲ. ಆಫೀಸಿನೊಳಗೆ ಈ ಪದ ಬಂದದ್ದು ಬಹಳ ತಡವಾಗಿ. 1974ರಲ್ಲಿ ತಿಮೊಥಿ ಗ್ಯಾಲ್ವೇ ಟೆನಿಸ್ ಬಗ್ಗೆ ಒಂದು ಪುಸ್ತಕ ಬರೆದ. ಹೀಗೆ ಹೊಡಿ ಹಾಗೆ ಹೊಡಿ ಅನ್ನೋದನ್ನು ಬಿಟ್ಟು, ಆಡುವವನ ಗಮನವನ್ನು ಚೆಂಡಿನ ಮೇಲೆ ಕೂರಿಸಿದರೆ ಅವನೇ ಕಲಿಯುತ್ತಾನೆ ಅನ್ನೋದು ಅವನ ವಾದ. ಕಾರ್ ರೇಸ್ ಬಿಟ್ಟು ಈ ಕಡೆ ಬಂದಿದ್ದ ಜಾನ್ ವಿಟ್‌ಮೋರ್ ಅದನ್ನು ಕಂಪನಿಗಳಿಗೆ ಒಗ್ಗಿಸಿ 1992ರಲ್ಲಿ ಪುಸ್ತಕ ಮಾಡಿದ. ಗುರಿ ಏನು, ಈಗ ಪರಿಸ್ಥಿತಿ ಏನು, ದಾರಿಗಳು ಯಾವುವು, ಏನು ಮಾಡುತ್ತೀರಿ. ಇವತ್ತು ನಿಮ್ಮ ಮ್ಯಾನೇಜರ್ ಒನ್-ಆನ್-ಒನ್ ಮೀಟಿಂಗಿನಲ್ಲಿ ಕೇಳುವ ನಾಲ್ಕು ಪ್ರಶ್ನೆಗಳ ಮೂಲ ಅದೇ.

ಆ ಪುಸ್ತಕ ಬರುವ ಹಿಂದಿನ ವರ್ಷ, 1991ರ ನವೆಂಬರ್ 10ರಂದು, ಶರಣಾಗುತ್ತಾನೆ ಅನ್ನುವ ಮಾತು ನಂಬಿ ಶ್ರೀನಿವಾಸ್ ಶಸ್ತ್ರವಿಲ್ಲದೆ ಕಾಡಿಗೆ ಹೋದರು. ವೀರಪ್ಪನ್ ಅವರನ್ನು ಕೊಂದು ತಲೆ ಕಡಿದ. ಅವರಿಗೆ 37 ವರ್ಷ. ಮರುವರ್ಷ ಮರಣೋತ್ತರ ಕೀರ್ತಿಚಕ್ರ ಬಂತು. ಗೋಪಿನಾಥಂನವರು ಮಾರಿಯಮ್ಮನ ಗುಡಿಯಲ್ಲಿ ಅವರ ಫೋಟೋ ಇಟ್ಟರು.

ಅಲ್ಲಿಗೆ ಆ ವಿಧಾನವೂ ನಿಂತಿತು. ಒಬ್ಬ ಮನುಷ್ಯ ತನ್ನ ಸ್ವಂತ ಗುಣದಿಂದ ನಡೆಸುತ್ತಿದ್ದ ಕೆಲಸ, ಅವನ ಜೊತೆ ಹೋಗಿಬಿಟ್ಟಿತು. ನಂತರ ನಡೆದದ್ದು ಬಲದ ಕಥೆ. 1992ರ ಆಗಸ್ಟ್‌ನಲ್ಲಿ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹ್ಮದ್ ಹೊಂಚುದಾಳಿಯಲ್ಲಿ ಸತ್ತರು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಹತ್ತಿರ ನೆಲಬಾಂಬ್ ಸಿಡಿದು 22 ಜನ ಹೋದರು. ವಿಶೇಷ ಕಾರ್ಯಪಡೆಯ ಕೈಯಲ್ಲಿ ಬೆಟ್ಟದ ಊರುಗಳ ಜನ ಏನು ಅನುಭವಿಸಿದರು ಅನ್ನೋದನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಜನಕ್ಕೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಶ್ರೀನಿವಾಸ್ ಬದುಕಿದ್ದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಅಂತ ಹೇಳುವಷ್ಟು ಧೈರ್ಯ ನನಗಿಲ್ಲ. ಆದರೆ ಇಷ್ಟು ಕೇಳಬಹುದು: ಅವರು ಊರಿನಲ್ಲಿ ಕಲಿತದ್ದನ್ನು ಇನ್ನೊಬ್ಬ ಅಧಿಕಾರಿಗೆ ದಾಟಿಸೋಕೆ ಒಂದು ವ್ಯವಸ್ಥೆ ಇದ್ದಿದ್ದರೆ?

ವ್ಯವಸ್ಥೆ ಅಂದರೆ ಹೇಗಿರಬೇಕು? ಇದಕ್ಕೆ ಇಪ್ಪತ್ತನೇ ಶತಮಾನ ಎರಡು ಒಳ್ಳೆಯ ಉತ್ತರ ಕೊಟ್ಟಿದೆ, ಎರಡೂ ಯುದ್ಧದ ಹೊತ್ತಿನವು. ಒಂದು ಅಮೆರಿಕದ್ದು. 1940ರಲ್ಲಿ ಕಾರ್ಖಾನೆಗಳಿಗೆ ಲಕ್ಷಗಟ್ಟಲೆ ಹೊಸಬರು ಬಂದರು, ಕಲಿಸೋರಿಲ್ಲ. ಆಗ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಅನ್ನುವ ಸರ್ಕಾರಿ ಕಾರ್ಯಕ್ರಮ ಬಂತು. ಮೇಸ್ತ್ರಿಗಳನ್ನು ಹತ್ತು ಗಂಟೆ ಕೂರಿಸಿ ಕಲಿಸೋದು ಹೇಗೆ ಅನ್ನೋದನ್ನೇ ಕಲಿಸಿದರು. ಕಲಿಯುವವನನ್ನು ಸಿದ್ಧಮಾಡು, ಮಾಡಿ ತೋರಿಸು, ಅವನ ಕೈಯಲ್ಲಿ ಮಾಡಿಸು, ಆಮೇಲೆ ಹೋಗಿ ನೋಡುತ್ತಿರು. ನಾಲ್ಕೇ ಹೆಜ್ಜೆ, ಜೇಬಿನಲ್ಲಿ ಇಟ್ಟುಕೊಳ್ಳೋಕೆ ಒಂದು ಕಾರ್ಡು. ಯುದ್ಧ ಮುಗಿಯೋ ಹೊತ್ತಿಗೆ 16 ಲಕ್ಷಕ್ಕೂ ಹೆಚ್ಚು ಜನ ಈ ತರಬೇತಿ ಮುಗಿಸಿದ್ದರು. ಅಮೆರಿಕ 1945ರಲ್ಲಿ ಅದನ್ನು ಮುಚ್ಚಿ ಮರೆತುಬಿಟ್ಟಿತು. ಸೋತ ಜಪಾನ್ ಎತ್ತಿಕೊಂಡಿತು. ಟೊಯೊಟಾ ಅದನ್ನು ತನ್ನ ಪದ್ಧತಿಯೊಳಗೆ ಎಷ್ಟು ಇಳಿಸಿಕೊಂಡಿತು ಅಂದರೆ, 1999ರ ಕೊನೆಗೆ ಬಿಡದಿಯಲ್ಲಿ ಉತ್ಪಾದನೆ ಶುರುವಾದಾಗ ಆ ನಾಲ್ಕು ಹೆಜ್ಜೆ ಜಪಾನಿನ ವಿದ್ಯೆ ಅನ್ನುವ ಹೆಸರಿನಲ್ಲಿ ರಾಮನಗರ ಸೀಮೆಗೆ ಬಂತು. 2007ರಲ್ಲಿ ಅಲ್ಲೇ ಹಳ್ಳಿ ಹುಡುಗರಿಗೆ ತಾಂತ್ರಿಕ ತರಬೇತಿ ಶಾಲೆಯನ್ನೂ ತೆರೆದರು.

ಇನ್ನೊಂದು ಇಂಗ್ಲೆಂಡಿನದು, ನನಗೆ ಹೆಚ್ಚು ಇಷ್ಟವಾದದ್ದು. ರೆಗ್ ರೆವನ್ಸ್ ಕೇಂಬ್ರಿಡ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಉದ್ದ ಜಿಗಿತಕ್ಕೂ ಇಳಿದಿದ್ದ ಆಸಾಮಿ. ಪ್ರಯೋಗಾಲಯದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳು ವಾರಕ್ಕೊಮ್ಮೆ ಕೂತು ತಮಗೆ ಗೊತ್ತಿಲ್ಲದ್ದನ್ನು ಒಬ್ಬರ ಮುಂದೆ ಒಬ್ಬರು ಇಡುತ್ತಿದ್ದುದನ್ನು ಅವನು ನೋಡಿದ್ದ. ಯುದ್ಧ ಮುಗಿದ ಕಾಲಕ್ಕೆ ಕಲ್ಲಿದ್ದಲು ಗಣಿಗಳ ಶಿಕ್ಷಣ ವಿಭಾಗದ ಹೊಣೆ ಬಂದಾಗ ಗಣಿ ಮ್ಯಾನೇಜರುಗಳಿಗೆ ಪ್ರೊಫೆಸರುಗಳನ್ನು ಕರೆಸಲಿಲ್ಲ. ನಾಲ್ಕೈದು ಮ್ಯಾನೇಜರುಗಳ ಗುಂಪು ಮಾಡಿ, ಒಬ್ಬರ ಗಣಿಗೆ ಇನ್ನೊಬ್ಬರು ಹೋಗಿ ನೋಡಿ, ನಿಜವಾದ ಸಮಸ್ಯೆಯನ್ನೇ ಎದುರಿಗಿಟ್ಟುಕೊಂಡು ಮಾತಾಡಿ ಅಂದ. ಆಕ್ಷನ್ ಲರ್ನಿಂಗ್ ಅನ್ನುವ ಹೆಸರು ಆಮೇಲೆ ಬಂತು. ಪುಸ್ತಕದ ಜ್ಞಾನಕ್ಕೆ ಒಳ್ಳೆಯ ಪ್ರಶ್ನೆ ಸೇರಿದರೆ ಕಲಿಕೆ ಆಗುತ್ತೆ ಅನ್ನೋದು ಅವನ ಸೂತ್ರ. ನಮ್ಮಲ್ಲಿ ಅದೇ ಕಾಲಕ್ಕೆ ಹಿಡಿದದ್ದು ಇನ್ನೊಂದು ದಾರಿ. ಇಂಗ್ಲೆಂಡಿನ ಹೆನ್ಲಿಯ ಮಾದರಿಯಲ್ಲಿ 1956ರಲ್ಲಿ ಹೈದರಾಬಾದಿನ ಬೆಲ್ಲಾ ವಿಸ್ಟಾ ಅರಮನೆಯಲ್ಲಿ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು ಬಂತು, 1973ರಲ್ಲಿ ಬೆಂಗಳೂರಿಗೆ ಐಐಎಂ. ದೊಡ್ಡವರನ್ನು ಕೆಲಸದಿಂದ ಬಿಡಿಸಿ, ಒಳ್ಳೆಯ ಊಟ ಹಾಕಿ, ಗುಂಪು ಚರ್ಚೆ ಮಾಡಿಸಿ ಕಳಿಸೋದು. ಆಫ್‌ಸೈಟ್ ರೆಸಾರ್ಟಿನ ಅಜ್ಜ ಇದೇ ಅನ್ನಬಹುದು.

ಗೋಪಿನಾಥಂಗೆ ವಾಪಸ್ಸು ಬಂದರೆ, ಎರಡನೇ ಅಧ್ಯಾಯ ಶುರುವಾಗೋದು 2004ರ ಅಕ್ಟೋಬರ್ 18ರ ನಂತರ. ವೀರಪ್ಪನ್ ತಮಿಳುನಾಡಿನ ಪಾಪಾರಪಟ್ಟಿಯ ಹತ್ತಿರ ಸತ್ತ. ಊರಿಗೆ ಹೊರಗಿನವರು ಬರತೊಡಗಿದರು. ಜಂಗಲ್ ಲಾಡ್ಜಸ್‌ನವರು ಅಲ್ಲಿ ‘ಗೋಪಿನಾಥಂ ಮಿಸ್ಟರಿ ಟ್ರೇಲ್ಸ್’ ಅನ್ನುವ ಕ್ಯಾಂಪ್ ಮಾಡಿದರು. ಕೆಲಸಕ್ಕೆ ಊರಿನವರು ಬಂದರು, ಪ್ರವಾಸಿಗಳ ಮುಂದೆ ಕಾಡಿನ ದಾರಿ ನಡೆಯುವವರೂ ಅವರೇ.

ಇಲ್ಲಿ ಬಂದ ವಿದ್ಯೆಯ ವಂಶಾವಳಿ ನೋಡಿದರೆ ಮಜಾ ಇದೆ. ಜಂಗಲ್ ಲಾಡ್ಜಸ್ 1980ರಲ್ಲಿ ಶುರುವಾದದ್ದು ನೇಪಾಳದ ಟೈಗರ್ ಟಾಪ್ಸ್ ಜೊತೆಗೂಡಿ. ಕಬಿನಿಯ ಕಾರಾಪುರಕ್ಕೆ ಬಂದು ಅದನ್ನು ಕಟ್ಟಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಒಂದು ಕಾಲದಲ್ಲಿ ಬೇಟೆಗಾರ. 1916ರಲ್ಲಿ ಗಯಾದಲ್ಲಿ ಹುಟ್ಟಿ, 2010ರಲ್ಲಿ ತೀರಿಕೊಳ್ಳುವ ತನಕ ಕಬಿನಿಯಲ್ಲೇ ಇದ್ದರು. ಎಲ್ಲರೂ ‘ಪಾಪಾ’ ಅನ್ನುತ್ತಿದ್ದರು. ಹೆಜ್ಜೆ, ಲದ್ದಿ, ಲಂಗೂರ್ ಕೂಗು ಇವುಗಳಿಂದ ಪ್ರಾಣಿ ಎಲ್ಲಿದೆ ಅಂತ ಹೇಳುವ ವಿದ್ಯೆ ಕೊಲ್ಲೋಕೂ ಅದೇ, ತೋರಿಸೋಕೂ ಅದೇ. ಗುರಿ ಮಾತ್ರ ಬದಲಾಯಿತು. ಕೇರಳದ ಪೆರಿಯಾರ್‌ನಲ್ಲಿ 1990ರ ದಶಕದ ಕೊನೆಗೆ ಕಾಡಿನಿಂದ ವಯಣ ಮರದ ತೊಗಟೆ ಕದಿಯುತ್ತಿದ್ದವರೇ ಗಸ್ತುಗಾರರು, ಗೈಡುಗಳು ಆದರು. ಅದೂ ಇದೇ ಲೆಕ್ಕ.

ಗೈಡ್ ಆಗೋದಕ್ಕೆ ಏನೇನು ಕಲಿಯಬೇಕು ಅಂತ ಒಮ್ಮೆ ಯೋಚಿಸಿ. ಕಾಡಿನಲ್ಲಿ ಹುಟ್ಟಿದವನಿಗೆ ದಾರಿ ಗೊತ್ತು, ಆನೆ ವಾಸನೆ ಗೊತ್ತು, ನೀರು ಎಲ್ಲಿ ಗೊತ್ತು. ಹಕ್ಕಿಯ ಇಂಗ್ಲಿಷ್ ಹೆಸರು ಗೊತ್ತಿಲ್ಲ. ಬೆಂಗಳೂರಿನಿಂದ ಬಂದವರು ಜೋರಾಗಿ ಮಾತಾಡಿದರೆ ಮರ್ಯಾದೆಯಿಂದ ಸುಮ್ಮನಿರಿಸೋದು ಹೇಗೆ, ಗೊತ್ತಿಲ್ಲ. ಮೊದಲನೆಯದನ್ನು ಒಂದು ಕ್ಲಾಸು, ಒಂದು ಪುಸ್ತಕದಲ್ಲಿ ಕಲಿಸಬಹುದು. ನ್ಯಾಚುರಲಿಸ್ಟ್ ತರಬೇತಿ ಕಾರ್ಯಕ್ರಮ ಅಂತ ಜಂಗಲ್ ಲಾಡ್ಜಸ್ ನಡೆಸುತ್ತೆ ಕೂಡ. ಎರಡನೆಯದು ಕ್ಲಾಸಿನಲ್ಲಿ ಬರೋದಿಲ್ಲ. ಅನುಭವ ಇದ್ದವನ ಜೊತೆ ಜೀಪಿನಲ್ಲಿ ಕೂತು, ಅವನು ಯಾವಾಗ ಎಂಜಿನ್ ಆಫ್ ಮಾಡಿಸುತ್ತಾನೆ, ಯಾವಾಗ ತಮಾಷೆ ಮಾಡುತ್ತಾನೆ, ಯಾವಾಗ ಬಾಯಿ ಮುಚ್ಚುತ್ತಾನೆ ಅಂತ ನೋಡಿಯೇ ಬರಬೇಕು. ಮೈಕೆಲ್ ಪೊಲಾನ್ಯಿ 1966ರಲ್ಲಿ ಇಂಥ ತಿಳಿವಳಿಕೆಗೆ ಒಂದು ಸಿದ್ಧಾಂತ ಮಾಡಿದ: ನಮಗೆ ಗೊತ್ತಿರೋದು ನಾವು ಬಾಯಲ್ಲಿ ಹೇಳಬಲ್ಲದ್ದಕ್ಕಿಂತ ಜಾಸ್ತಿ. 1980ರ ದಶಕದಲ್ಲಿ ಮತ್ಸುಶಿತಾ ಕಂಪನಿ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ಮಾಡಹೊರಟಾಗ ಹಿಟ್ಟು ಸರಿಯಾಗಿ ನಾದಿಕೊಳ್ಳಲೇ ಇಲ್ಲ. ಕೊನೆಗೆ ಇಕುಕೊ ತನಾಕಾ ಅನ್ನುವ ಸಾಫ್ಟ್‌ವೇರ್ ಡೆವಲಪರ್ ಒಸಾಕಾದ ಒಂದು ಹೋಟೆಲಿನ ಮುಖ್ಯ ಬೇಕರನ ಹತ್ತಿರ ಶಿಷ್ಯೆಯಾಗಿ ಸೇರಿ, ಅವನು ಹಿಟ್ಟನ್ನು ಎಳೆಯುವಾಗ ತಿರುಚುತ್ತಾನೆ ಅನ್ನೋದನ್ನು ಕಂಡುಹಿಡಿದಳು. ಅವನಿಗೂ ತಾನು ಹಾಗೆ ಮಾಡುತ್ತೇನೆ ಅಂತ ಹೇಳೋಕೆ ಬಂದಿರಲಿಲ್ಲ.

ಕಾಡಿನಲ್ಲಿ ಈ ಪಾಠ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯೋದಿಲ್ಲ. ಜನರಲ್ ಎಲೆಕ್ಟ್ರಿಕ್‌ನ ಜ್ಯಾಕ್ ವೆಲ್ಚ್ 1999ರಲ್ಲಿ ತನ್ನ 500 ಹಿರಿಯ ಅಧಿಕಾರಿಗಳಿಗೆ ಕಿರಿಯರ ಹತ್ತಿರ ಇಂಟರ್‌ನೆಟ್ ಕಲಿಯಿರಿ ಅಂದ. ರಿವರ್ಸ್ ಮೆಂಟರಿಂಗ್ ಅಂತ ದೊಡ್ಡ ಸುದ್ದಿಯಾಯಿತು. ಯಳಂದೂರು, ಹನೂರು ಕಡೆಯ ಕಾಡುಗಳಲ್ಲಿ ಡೆಹ್ರಾಡೂನಿನಿಂದ ಬಂದ ಸಾಹೇಬರು ಯಾವತ್ತಿನಿಂದಲೂ ದಿನಗೂಲಿ ವಾಚರ್ ಆಗಿರುವ ಸೋಲಿಗನ ಹಿಂದೆ ನಡೆದೇ ಕಾಡು ಕಲಿತದ್ದು. ಅದಕ್ಕೆ ಯಾರೂ ಹೆಸರಿಡಲಿಲ್ಲ, ವಾಚರ್‌ಗೆ ಟ್ರೈನರ್ ಅಂತ ಭತ್ಯೆಯನ್ನೂ ಕೊಡಲಿಲ್ಲ. 2018ರ ಹುಲಿ ಗಣತಿಗೆ ಮೊಬೈಲ್ ಆ್ಯಪ್ ಬಂತು. ಆ್ಯಪ್ ಹೊಸ ಹುಡುಗನಿಗೆ ಸಲೀಸು, ಹೆಜ್ಜೆ ಯಾವುದರದು ಅನ್ನೋದು ಹಳಬನಿಗೆ ಸಲೀಸು. ಒಂದೇ ಗಸ್ತಿನಲ್ಲಿ ಇಬ್ಬರೂ ಮೇಷ್ಟ್ರು, ಇಬ್ಬರೂ ಶಿಷ್ಯರು. ರೆವನ್ಸ್ ಕಂಡಿದ್ದರೆ ಖುಷಿಪಡುತ್ತಿದ್ದ.

ಇಲ್ಲಿಂದ ಹೆಚ್ಚು ದೂರವಲ್ಲದ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯವರು ಸ್ಥಳೀಯರಿಗೆ ಲಂಟಾನಾ ಪೊದೆಯಿಂದ ಕುರ್ಚಿ, ಮೇಜು ಮಾಡೋದನ್ನು ಕಲಿಸಿದರು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಲ್ಲಿ ಸೋಲಿಗ ಹೆಣ್ಣುಮಕ್ಕಳು ಆರೋಗ್ಯ ಕಾರ್ಯಕರ್ತೆಯರಾಗಿ ತರಬೇತಾದರು. ಇವೆರಡಕ್ಕೂ ಬೇರೆಯೇ ಲೇಖನ ಬೇಕು. ಒಂದು ವಿಷಯ ಮಾತ್ರ ಹೇಳುತ್ತೇನೆ. ಶ್ರೀನಿವಾಸ್ ಕಥೆಗೂ ಇವಕ್ಕೂ ಇರುವ ವ್ಯತ್ಯಾಸ, ಇಲ್ಲಿ ಕಲಿಸಿದವರ ಬೆನ್ನಿಗೆ ಒಂದು ಸಂಸ್ಥೆ ಇತ್ತು. ಒಬ್ಬರು ಹೋದರೂ ಕೊಟ್ಟಿಗೆ ನಡೆಯುತ್ತೆ.

ಈಗಿನ ಅಧಿಕಾರಿಗಳಿಗೆ ಫೋನಿನಲ್ಲೇ ಟ್ರೈನಿಂಗ್. ಕೇಂದ್ರ ಸರ್ಕಾರ 2020ರಲ್ಲಿ ‘ಮಿಷನ್ ಕರ್ಮಯೋಗಿ’ ಒಪ್ಪಿತು. ಸರ್ಕಾರಿ ನೌಕರರು ಆನ್‌ಲೈನ್ ವೇದಿಕೆಯಲ್ಲಿ ಕೋರ್ಸುಗಳನ್ನು ಮುಗಿಸುತ್ತಾರೆ. ನಮ್ಮ ಕಂಪನಿಗಳ ಎಲ್‌ಎಂಎಸ್ ಥರವೇ ಅಂದುಕೊಳ್ಳಿ. ವಿಡಿಯೊ ಒಂದು ಟ್ಯಾಬಿನಲ್ಲಿ ಓಡುತ್ತಿರುತ್ತೆ, ನಾವು ಇನ್ನೊಂದು ಟ್ಯಾಬಿನಲ್ಲಿ ಇರುತ್ತೇವೆ, ಕೊನೆಗೆ ಕ್ವಿಜ್‌ನಲ್ಲಿ ಉದ್ದದ ಉತ್ತರ ಆರಿಸಿದರೆ ಪಾಸು. ಕಾನೂನು ಬದಲಾದದ್ದನ್ನು ಒಂದೇ ದಿನ ಸಾವಿರಾರು ಜನಕ್ಕೆ ತಿಳಿಸೋಕೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ, ಅದನ್ನು ಒಪ್ಪಲೇಬೇಕು. ಕಲಿಕೆಯ 70 ಭಾಗ ಕೆಲಸದಿಂದ, 20 ಭಾಗ ಬೇರೆಯವರಿಂದ, 10 ಭಾಗ ಕ್ಲಾಸಿನಿಂದ ಅನ್ನೋ ಲೆಕ್ಕ ನೀವು ಕೇಳಿರುತ್ತೀರಿ. 1980ರ ದಶಕದಲ್ಲಿ ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್‌ನವರು ಯಶಸ್ವಿ ಮ್ಯಾನೇಜರುಗಳನ್ನು ನೀವು ಹೇಗೆ ಕಲಿತಿರಿ ಅಂತ ಕೇಳಿ ಹುಟ್ಟಿಸಿದ್ದು. ಮ್ಯಾನೇಜರುಗಳ ನೆನಪನ್ನು ನಂಬಿ ಮಾಡಿದ ಅಂಕಿಗಳವು. ಈಗ ಅದನ್ನು ನಿಸರ್ಗ ನಿಯಮದ ಥರ ಸ್ಲೈಡಿನಲ್ಲಿ ಹಾಕುತ್ತಾರೆ. ತಮಾಷೆ ಅಂದರೆ, ಬಜೆಟ್ ಮಾತ್ರ ಆ ಹತ್ತು ಭಾಗಕ್ಕೇ ಹೋಗುತ್ತೆ.

ಗೋಪಿನಾಥಂನ ಗೈಡುಗಳ ಎದುರು ಇರುವ ಪ್ರಶ್ನೆ ಇದ್ಯಾವುದರಲ್ಲೂ ಇಲ್ಲ. ಬರುವ ಪ್ರವಾಸಿಗಳಲ್ಲಿ ಬಹಳ ಜನ ಕೇಳೋದು ಹಕ್ಕಿಯ ಬಗ್ಗೆ ಅಲ್ಲ, ವೀರಪ್ಪನ್ ಬಗ್ಗೆ. ಅವನ ಮನೆ ಎಲ್ಲಿತ್ತು, ಅವನು ಎಲ್ಲಿ ಅಡಗಿದ್ದ, ನೀವು ಅವನನ್ನು ನೋಡಿದ್ದಿರಾ. ಕ್ಯಾಂಪಿನ ಹೆಸರಿನಲ್ಲಿರುವ ‘ಮಿಸ್ಟರಿ’ ಅವರನ್ನು ಕರೆದು ತಂದಿದೆ. ಉತ್ತರ ಕೊಡುವವನ ಮನೆಯಲ್ಲಿ ಯಾರೋ ಒಬ್ಬರು ಆ ಕಾಲದಲ್ಲಿ ಗುಂಪಿನ ಭಯ ಕಂಡಿರಬಹುದು, ಇನ್ನೊಬ್ಬರು ಕಾರ್ಯಪಡೆಯ ಕ್ಯಾಂಪಿನ ಭಯ ಕಂಡಿರಬಹುದು. ಎರಡನ್ನೂ ಒಂದೂವರೆ ಗಂಟೆಯ ನಡಿಗೆಯಲ್ಲಿ ಅಪರಿಚಿತರಿಗೆ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು? ತರಬೇತಿ ಕೊಡುವವರು ಇದಕ್ಕೊಂದು ಸ್ಕ್ರಿಪ್ಟ್ ಬರೆದು ಕೊಡಬಹುದು. ಸ್ಕ್ರಿಪ್ಟ್ ಓದುವ ಗೈಡಿನ ದನಿ ಪ್ರವಾಸಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತೆ. ಗೈಡುಗಳೇ ಸಂಜೆ ಕೂತು, ಇವತ್ತು ಯಾರು ಏನು ಕೇಳಿದರು, ನಾನು ಏನು ಹೇಳಿದೆ, ನೀನಾಗಿದ್ದರೆ ಏನು ಹೇಳುತ್ತಿದ್ದೆ ಅಂತ ಮಾತಾಡಿಕೊಂಡರೆ, ಅದು ರೆವನ್ಸ್‌ನ ಗಣಿ ಮ್ಯಾನೇಜರುಗಳ ಗುಂಪು ಮಾಡಿದ ಕೆಲಸವೇ. ಅದಕ್ಕೆ ಕೋಣೆ ಬೇಡ, ಪ್ರೊಜೆಕ್ಟರ್ ಬೇಡ. ದಿನಕ್ಕೆ ಅರ್ಧ ಗಂಟೆಯನ್ನು ಡ್ಯೂಟಿ ಅಂತ ಬರೆದುಕೊಳ್ಳುವ ಮೇಲಿನವರು ಬೇಕು.

ಶ್ರೀನಿವಾಸ್ ಸ್ಮಾರಕ ಊರಿನಲ್ಲೇ ಇದೆ. ಪ್ರತಿ ವರ್ಷ ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನ ಅಂತ ಇಲಾಖೆಯವರು ಅವರನ್ನೂ ನೆನೆಯುತ್ತಾರೆ. ಪ್ರವಾಸಿಗಳನ್ನು ಅಲ್ಲಿಗೂ ಕರೆದುಕೊಂಡು ಹೋಗಬಹುದು. ಅವರು ಏನು ಮಾಡಿದರು ಅಂತ ಹೇಳೋದು ಸುಲಭ, ಗುಡಿ ಇದೆ, ತೋರಿಸಬಹುದು. ಹೇಗೆ ಮಾಡಿದರು ಅನ್ನೋದನ್ನು ಹೇಳಬಲ್ಲವರು ಅವರ ಜೊತೆ ಓಡಾಡಿದ ಊರಿನ ಹಿರಿಯರು, ಹಳೆಯ ಗಾರ್ಡು ವಾಚರುಗಳು. ಅವರಿಗೆಲ್ಲ ಈಗ ಅರವತ್ತು ದಾಟಿದೆ.